ಇಪ್ಪತ್ತು ನಿಮಿಷದ ಫ್ಯಾನು

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಅದರಿಂದ ಗಳಿಸಿದ್ದು ಬೆನ್ನುನೋವು ಮತ್ತು ಜಂಬ. ಗಾಜಿರುವ ಯಾವ ವಸ್ತು ಕೆಟ್ಟರೂ ನಾನೇ ಸರಿಮಾಡಬಲ್ಲೆ ಎಂಬ ಜಂಬ. ಮನೆಯವರೂ ನಂಬಿದ್ದರು, ಪಾಪ.

ಒಮ್ಮೆ ಕಡಲತೀರಕ್ಕೆ ಪ್ರವಾಸ ಹೋದೆವು, ಮೂವರು: ನಾನು, ಹೆಂಡತಿ, ಅವಳ ಅಕ್ಕ. ಅಕ್ಕನಿಗೆ ಹಲ್ಲು ಸ್ವಲ್ಪ ಉಬ್ಬು. ಕ್ಯಾಮೆರಾ ಕಂಡರೆ ಸಾಕು, ತುಟಿ ಬಿಗಿದು ಯಾರನ್ನೋ ಗದರಿಸುವವಳ ಹಾಗೆ ನಿಲ್ಲುತ್ತಿದ್ದಳು. ಆದರೆ ಅಲ್ಲಿ ದೋಣಿಯಲ್ಲಿ ಅಲೆ ಮುಖಕ್ಕೆ ರಾಚಿದಾಗ ಎಲ್ಲ ಮರೆತು ಬಾಯ್ತುಂಬ ನಕ್ಕುಬಿಟ್ಟಳು. ನಾನು ಪಟಪಟನೆ ಆರು ಫೋಟೋ ಹೊಡೆದೆ. ಸಣ್ಣ ಪರದೆಯಲ್ಲಿ ಅವನ್ನು ನೋಡಿ ಹೆಂಡತಿಗೆ ಹಿಡಿಸಲಾರದಷ್ಟು ಖುಷಿ.

ವಾಪಸು ಬರುವಾಗ ಬಸ್ಸಿನಲ್ಲಿ, ಚೀಲದೊಳಗಿದ್ದ ನೀರಿನ ಬಾಟಲಿ ಸೋರಿ ಕ್ಯಾಮೆರಾ ತೊಯ್ದು ತೊಪ್ಪೆಯಾಯಿತು. ಬಾಟಲಿ ಇಟ್ಟವಳು ಹೆಂಡತಿ. "ಮುಚ್ಚಳ ಗಟ್ಟಿಯಾಗೇ ತಿರುಗಿಸಿದ್ದೆ ಕಣ್ರೀ" ಎಂದು ದಾರಿಯುದ್ದಕ್ಕೂ ಹೇಳಿಕೊಂಡಳು.

ಕ್ಯಾಮೆರಾವನ್ನು ನಾಲ್ಕು ದಿನ ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಐದನೆಯ ದಿನ ಚಾಲೂ ಮಾಡಿದರೆ ಜೀವ ಬಂತು! ಪರದೆಯ ಮೇಲೆ ಏನೋ ಇಂಗ್ಲಿಷಿನಲ್ಲಿ ಕೇಳಿತು. ಓದುವ ತಾಳ್ಮೆ ಯಾರಿಗಿದೆ? ಓಕೆ ಒತ್ತಿದೆ. ಅದು ಕೇಳಿದ್ದು ಫೋಟೋ ಇರುವ ಮೆಮೊರಿ ಕಾರ್ಡನ್ನು ಫಾರ್ಮ್ಯಾಟ್ ಮಾಡಲೇ ಎಂದು. ಅಕ್ಕನ ನಗುವೂ ಸೇರಿ ಇನ್ನೂರು ಚಿಲ್ಲರೆ ಫೋಟೋ ಒಂದೇ ಒತ್ತಿಗೆ ಅಳಿಸಿಹೋದವು. ಹೆಂಡತಿಗೆ ನೀರಿನಿಂದ ಹೋಯಿತು ಎಂದೆ. ಅವಳು ಅಡುಗೆಮನೆಗೆ ಹೋದಳು. ವಾರದಲ್ಲಿ ಕ್ಯಾಮೆರಾ ಕೂಡ ಸತ್ತಿತು, ನನಗೆ ನಿಜವಾಗಿ ನೆಮ್ಮದಿಯಾಯಿತು.

ಐದು ತಿಂಗಳಿಗೆ ಅಕ್ಕನೂ ಹೋದಳು. ರಕ್ತದ ಕಾಯಿಲೆ. ಆಸ್ಪತ್ರೆಗೆ ಸೇರಿಸಿದ ಹದಿನಾರನೆಯ ದಿನ ಎಲ್ಲ ಮುಗಿಯಿತು. ಗೋಡೆಗೆ ಹಾಕಲು ಸಿಕ್ಕಿದ್ದು ಅವಳ ಆಫೀಸಿನ ಗುರುತಿನ ಚೀಟಿಯ ಫೋಟೋ ಒಂದೇ, ಅದೇ ಬಿಗಿದ ತುಟಿ. ಹೆಂಡತಿ ಅದರ ಮುಂದೆ ನಿಂತು, "ಇವಳು ಯಾರೋ, ನಮ್ಮಕ್ಕ ಅಲ್ಲ" ಎನ್ನುತ್ತಿದ್ದಳು. ನಾನು ಫೋಟೋದ ಹಾರ ನೆಟ್ಟಗೆ ಮಾಡುತ್ತಿದ್ದೆ. ನಿಜ ಮಾತ್ರ ಹೇಳಲಿಲ್ಲ. ಹೇಡಿ ಎಂದರೆ ಹೇಡಿ.

ಆಮೇಲೆ ಯಾರೋ ಅವಳ ಕಿವಿಗೆ ಹಾಕಿದರು, ಅಳಿಸಿಹೋದ ಫೋಟೋ ತೆಗೆದುಕೊಡುವ ಅಂಗಡಿಯಿದೆ ಎಂದು. ಮೇಜಿನ ಡ್ರಾಯರಿನಿಂದ ಕಾರ್ಡು ಹುಡುಕಿ ತೆಗೆದಳು. "ಸುಮ್ನೆ ದುಡ್ಡು ದಂಡ" ಎಂದೆ. "ಆರು ಬೇಡ, ಒಂದು ಸಿಕ್ಕಿದ್ರೆ ಸಾಕು" ಎಂದಳು.

ಅವತ್ತೇ ಕಾರ್ಡು ಅಂಗಡಿಗೆ ಕೊಟ್ಟು ಬಂದಳು. ಎರಡು ದಿನ ಬಿಟ್ಟು ಇಬ್ಬರೂ ಹೋದೆವು. ಕಿರಿದಾದ ಅಂಗಡಿ, ಬೆಸುಗೆಯ ವಾಸನೆ, ಬಿಚ್ಚಿಟ್ಟ ಫೋನುಗಳು. ಅಂಗಡಿಯವನು ಒಳ್ಳೆಯವನು, ಅದೇ ಗ್ರಹಚಾರ.

"ಮೇಡಂ, ಕಾರ್ಡಿಗೆ ನೀರಿಂದ ಏನೂ ಆಗಿಲ್ಲ. ಯಾರೋ ಫಾರ್ಮ್ಯಾಟ್ ಮಾಡಿದಾರೆ. ಅಷ್ಟೇ ಆಗಿದ್ರೆ ಫೋಟೋ ಸಿಗ್ತಿತ್ತು. ಆದ್ರೆ ಅದರ ಮೇಲೆ ಉದ್ದದ ವಿಡಿಯೋ ತೆಗೆದು ಅಳಿಸಿದಾರೆ. ಅದೊಂದು ಮಾತ್ರ ಪೂರ್ತಿ ಸಿಕ್ಕಿದೆ. ಇಪ್ಪತ್ತು ನಿಮಿಷ ಬರೀ ಫ್ಯಾನು."

ಆ ಫ್ಯಾನು ನನ್ನದೇ ಕೆಲಸ. ಆವತ್ತು ಓಕೆ ಒತ್ತಿದ ಮೇಲೆ, ಕ್ಯಾಮೆರಾ ಬಿಸಿಯಾಗಿ ನಿಲ್ಲುತ್ತದೋ ಎಂದು ಪರೀಕ್ಷಿಸಲು ಅದನ್ನು ಮೇಜಿನ ಮೇಲೆ ಮೇಲ್ಮುಖವಾಗಿಟ್ಟು ವಿಡಿಯೋ ಓಡಲು ಬಿಟ್ಟಿದ್ದೆ, ಆಮೇಲೆ ಅಳಿಸಿದ್ದೆ.

"ಹಾಕಿ, ನೋಡೋಣ. ಒಂದ್ವೇಳೆ ಅಕ್ಕನ ದನಿ ಇದ್ರೆ?" ಎಂದಳು ಹೆಂಡತಿ.

"ಬೇಡ ಬಾರೇ, ಹೊತ್ತಾಯ್ತು" ಎಂದೆ. ಅವಳು ಸ್ಟೂಲು ಎಳೆದುಕೊಂಡು ಕೂತಿದ್ದಳು.

ಪರದೆಯ ಮೇಲೆ ನಮ್ಮ ಮನೆಯ ಫ್ಯಾನು ತಿರುಗಿತು. ಮೊದಲು ನನ್ನ ಗೊಣಗಾಟ: "ಥೂ, ಓದ್ದೇ ಒತ್ತಿಬಿಟ್ನಲ್ಲ. ಎಲ್ಲಾ ಅಳ್ಸಿ ಹಾಕ್ದೆ." ಆಮೇಲೆ ಬಾಗಿಲ ಸದ್ದು. ಹೆಂಡತಿಯ ದನಿ: "ಫೋಟೋ ಬಂತೇನ್ರೀ?"

"ಎಲ್ಲಿಂದ ಬರುತ್ತೆ? ನೀರು ಒಳಗೆ ಹೋಗಿದೆ. ನೀನು ಮುಚ್ಚಳ ನೆಟ್ಟಗೆ ಹಾಕಿದ್ದಿದ್ರೆ ಈ ಗತಿ ಬರ್ತಿತ್ತಾ?"

ಉಳಿದ ಅಷ್ಟೂ ಹೊತ್ತು ಬರೀ ಫ್ಯಾನು ತಿರುಗಿತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಅಂಗಡಿಯವನು ತಲೆ ತಗ್ಗಿಸಿ ಯಾವುದೋ ಸ್ಕ್ರೂ ಹುಡುಕತೊಡಗಿದ. ಹೆಂಡತಿ ಕೊನೆಯವರೆಗೂ ನೋಡಿದಳು.

ರಸ್ತೆಗೆ ಬಂದ ಮೇಲೆ ಅವಳ ಹಿಂದೆ ಓಡಿದೆ. "ನೀನು ಬೇಜಾರು ಮಾಡ್ಕೋತೀಯ ಅಂತ..." ಎಂದೆ. ಎಂಥ ದರಿದ್ರ ಮಾತು! ಅವಳು ನಿಂತಳು. ಬೈಯಲಿ, ಹತ್ತು ಜನರೆದುರು ಬೈಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಆಸ್ಪತ್ರೇಲಿ ಅಕ್ಕ ಆ ಫೋಟೋ ಕೇಳಿದ್ಳು" ಎಂದಳು. "ಒಂದು ಸಲ ತೋರ್ಸೇ, ಹೇಗೆ ನಗ್ತೀನಿ ನೋಡ್ತೀನಿ ಅಂದ್ಳು. ನಾನು ಅವಳ ಕೈ ಹಿಡ್ಕೊಂಡು ಅತ್ತೆ. ನನ್ನಿಂದ ಹಾಳಾಯ್ತು, ಕ್ಷಮಿಸೇ ಅಂದೆ. ಕ್ಷಮಿಸಿದೀನಿ ಬಿಡೇ ಅಂದ್ಳು."

ಪಕ್ಕದಲ್ಲಿ ಬಸ್ಸೊಂದು ನಿಂತು, ಜನ ಇಳಿದು ನಮ್ಮನ್ನು ಸುತ್ತಿ ಹೋದರು. ಅವರೆಲ್ಲ ದಾಟಿದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ಈಗ ಯಾರ ಹತ್ರ ಹೋಗಿ ಹೇಳ್ಲಿ ರೀ, ತಪ್ಪು ನಂದಲ್ಲ ಅಂತ?"