ಒಂದು ಗೇಣು ಮಂಜು

ಗಲ್ಫಿನ ಅಲ್ ಖುವೈರಿನ ಫ್ರೇಮ್ ಅಂಗಡಿಯಲ್ಲಿ ಲತೇಶ್ ಬೆಳಗಿನಿಂದ ಮೂರು ಸಲ ಕೈ ತೊಳೆದಿದ್ದ. ಕೈಯಲ್ಲಿ ಕೊಳೆಯೇನೂ ಇರಲಿಲ್ಲ. ಮೇಜಿನ ಖಾನೆಯಲ್ಲಿ ಗೇಣಗಲದ ಖಾಲಿ ಕಾಗದದ ಪಟ್ಟಿಯೊಂದಿತ್ತು. ಅದನ್ನು ನೋಡಿದಾಗಲೆಲ್ಲ ಮತ್ತೆ ನಲ್ಲಿಯ ಕಡೆ ನಡೆಯುತ್ತಿದ್ದ.

ಸೊಹಾರಿನ ಕಾರ್ಖಾನೆಯಲ್ಲಿ ಇಂಜಿನಿಯರಾಗಿರುವ ಚೀನಾದ ಲಿನ್ ಎಂಬಾಕೆ ಹೋದ ವಾರ ಒಂದು ಚಿತ್ರ ತಂದುಕೊಟ್ಟಿದ್ದಳು. ಅವಳ ತಂದೆ ಮಸಿಯಲ್ಲಿ ಬರೆದದ್ದು. ಬುಡದಲ್ಲಿ ನೀರು, ಕಡಿದಾದ ಬೆಟ್ಟ, ಕಾಲುದಾರಿಯಲ್ಲಿ ಅಕ್ಕಿಕಾಳಿನಷ್ಟು ಒಬ್ಬ ಮನುಷ್ಯ. ಬೆಟ್ಟದ ತುದಿಯಿಂದ ಮೇಲಕ್ಕೆ ಬರೀ ಖಾಲಿ ಕಾಗದ. ಲತೇಶ್ ಹನ್ನೊಂದು ವರ್ಷದಿಂದ ಕಟ್ಟುತ್ತಿದ್ದದ್ದು ಹಿರಿಯರ ಫೋಟೊ, ದೇವರ ಪಟ. ಮುಖ ನಡುವಿಗೆ ಬರಬೇಕು, ಸುತ್ತ ಉಳಿದದ್ದನ್ನು ಕತ್ತರಿಸಬೇಕು. ಅದೇ ಅಭ್ಯಾಸದಲ್ಲಿ ನಿನ್ನೆ ಬೆಟ್ಟವನ್ನು ನಡುವಿಗೆ ತಂದಿದ್ದ. ಮೇಲಿನ ಒಂದು ಗೇಣು ಕತ್ತರಿಸಿದ್ದ.

ಇವತ್ತು ಬೆಳಿಗ್ಗೆ ಅವಳ ಫೋನ್ ಬಂತು. ಅರೆಬರೆ ಇಂಗ್ಲಿಷಿನಲ್ಲಿ ಹೇಳಿದಳು: "ಮೇಲಿನ ಭಾಗ ಜೋಪಾನ. ಬೆಟ್ಟ ಬರೆಯಲು ಅಪ್ಪನಿಗೆ ಎರಡು ದಿನ ಸಾಕಾಯಿತು. ಎಷ್ಟು ಬರೆಯದೆ ಬಿಡಬೇಕೆಂದು ತಿಳಿಯಲು ಒಂದು ಚಳಿಗಾಲವೇ ಹಿಡಿಯಿತು. ಅಲ್ಲಿರುವುದು ಮಂಜು. ನೋಡುವವರು ಆ ದಾರಿ ಹತ್ತಿ ಅಲ್ಲಿಗೆ ಹೋಗಬೇಕು." ಅಪ್ಪ ಊರಿನ ಆಸ್ಪತ್ರೆಯಲ್ಲಿದ್ದಾರೆ, ನಾಲ್ಕೂವರೆಗೆ ಬಂದು ಅಂಗಡಿಯಿಂದಲೇ ಫೋನಿನಲ್ಲಿ ಅವರಿಗೆ ತೋರಿಸುತ್ತೇನೆ ಎಂದಳು.

"ಎಂತ ಮಾರಾಯ, ಹೊಟ್ಟೆನೋವಾ?" ಅಂಗಡಿ ನಡೆಸುವ ಸೇಸಪ್ಪ ಕೇಳಿದರು.

ಲತೇಶ್ ಎಲ್ಲ ಹೇಳಿದ. ಸೇಸಪ್ಪ ಪಟ್ಟಿಯನ್ನು ಬೆಳಕಿಗೆ ಹಿಡಿದರು.

"ಇದರಲ್ಲಿ ಎಂತ ಉಂಟು?"

"ಎಂತದೂ ಇಲ್ಲ ಸೇಸಪ್ಪಣ್ಣ. ಅದೇ ತೊಂದರೆ."

"ಇಲ್ಲದ್ದು ಹೋದ್ರೆ ಯಾರಿಗೆ ಗೊತ್ತಾಗ್ತದೆ? ಕಸಕ್ಕೆ ಹಾಕು, ಖಲಾಸ್. ನೀನು ಬಾಯಿ ಬಿಟ್ರೆ ನಾಳೆಯಿಂದ ಗಾಜು ಒರೆಸ್ಲಿಕ್ಕೆ ಮಾತ್ರ. ಕಟರ್ ಮುಟ್ಲಿಕ್ಕಿಲ್ಲ."

ಲತೇಶ್ ಪಟ್ಟಿಯನ್ನು ಮತ್ತೆ ಖಾನೆಯಲ್ಲಿಟ್ಟ. ಗೋಡೆಗೆ ಒರಗಿಸಿದ್ದ ಚಿತ್ರದಲ್ಲಿ ಬೆಟ್ಟದ ತುದಿ ಫ್ರೇಮಿಗೆ ತಾಗಿತ್ತು. ಹತ್ತುತ್ತಿದ್ದ ಮನುಷ್ಯ ಛಾವಣಿ ಕಂಡು ನಿಂತವನಂತಿದ್ದ.

ಲಿನ್ ಹೇಳಿದ ಹೊತ್ತಿಗೇ ಬಂದಳು. ಚಿತ್ರ ನೋಡಿ ನಕ್ಕಳು, ಎರಡು ಹೆಜ್ಜೆ ಹಿಂದೆ ಸರಿದಳು. ಆ ನಗು ಅಲ್ಲೇ ನಿಂತಿತು.

"ಒಳ್ಳೆ ಫಿಟ್ಟಿಂಗ್, ಮೇಡಂ," ಎಂದರು ಸೇಸಪ್ಪ.

ತನ್ನ ನೆನಪೇ ತಪ್ಪಿರಬೇಕು ಎಂಬಂತೆ ಅವಳು ಹುಬ್ಬು ಗಂಟಿಕ್ಕಿದಳು. ಲತೇಶನಿಗೆ ಅದನ್ನು ನೋಡಲಾಗಲಿಲ್ಲ. ಖಾನೆ ಎಳೆದು ಪಟ್ಟಿಯನ್ನು ಮೇಜಿನ ಮೇಲಿಟ್ಟ.

"ನಾನು ಕತ್ತರಿಸಿದೆ," ಎಂದ.

ಅವಳು ಬೈಯಲಿಲ್ಲ. ತಾನೇ ಚಿತ್ರವನ್ನು ಫ್ರೇಮಿನಿಂದ ಬಿಡಿಸಿ, ಗೋಡೆಯ ಹಲಗೆಗೆ ಸಿಕ್ಕಿಸಿ, "ಹಿಡಿಯಿರಿ," ಎಂದಳು.

ಅವನು ಪಟ್ಟಿಯನ್ನು ಎರಡೂ ಕೈಯಲ್ಲಿ ಬೆಟ್ಟದ ಮೇಲೆ ಹಿಡಿದು ನಿಂತ. ಅವಳು ವಿಡಿಯೊ ಕಾಲ್ ಮಾಡಿದಳು. ಪರದೆಯಲ್ಲಿ ದಿಂಬಿಗೆ ಒರಗಿದ ಮುದುಕರೊಬ್ಬರು ಕಂಡರು. ಫೋನ್ ಹತ್ತಿರ ಬಂತು, ದೂರ ಹೋಯಿತು. ಪಟ್ಟಿ ಕೊಂಚ ಜರುಗಿದಂತೆಲ್ಲ ಕತ್ತರಿಸಿದ ಗೆರೆ ಬಿರಿದು ಮತ್ತೆ ಕೂಡುತ್ತಿತ್ತು. ಮುದುಕರು ಪರದೆಗೆ ಬಾಗಿ ಪಟ್ಟಿ ಹಿಡಿದ ಕೈಗಳನ್ನು ನೋಡಿದರು. ಕೊನೆಗೆ ಒಂದೇ ಒಂದು ಮಾತು ಆಡಿದರು.

"ಎಂತ ಹೇಳ್ತಾರೆ?" ಸೇಸಪ್ಪ ತಡೆಯಲಾರದೆ ಕೇಳಿದರು.

"ಎಷ್ಟು ಹೊತ್ತಿನಿಂದ ಹಿಡಿದು ನಿಂತಿದ್ದಾರೋ, ಅವರನ್ನು ಕೂರಿಸು ಅಂತ," ಎಂದಳು ಲಿನ್. ಅವಳು ಆ ಗೆರೆಯ ಕಡೆ ನೋಡಲಿಲ್ಲ.

ಸೇಸಪ್ಪ ಕುರ್ಚಿ ಎಳೆದರು. ಆ ಕಡೆ ಫೋನ್ ಇಟ್ಟು ಎಷ್ಟೋ ಹೊತ್ತಾದರೂ ಲತೇಶನಿಗೆ ಕೈ ಇಳಿಸಲಾಗಲಿಲ್ಲ.