ಏಳನೇ ನಂಬರಿನ ಕುರಿ

ಸಂಶೋಧನಾ ಕೇಂದ್ರದ ಕೊಟ್ಟಿಗೆಯಲ್ಲಿ ಗಬ್ಬದ ಕುರಿಗಳಿಗೆ ಅರ್ಧ ಹೊಟ್ಟೆ ಮೇವು. ತಾಯಿ ಹಸಿದರೆ ಒಳಗಿನ ಮರಿಗೆ ರಕ್ತ ಎಷ್ಟು ಹರಿಯುತ್ತದೆ ಎಂದು ಡಾಕ್ಟರು ಪ್ರತಿ ಮಂಗಳವಾರ ಸ್ಕ್ಯಾನ್ ಮಾಡಿ ಬರೆದುಕೊಳ್ಳುತ್ತಿದ್ದರು. ಕುರಿ ಮಿಸುಕದಂತೆ ಹಿಡಿಯುವುದು ಅಜ್ಜನ ಕೆಲಸ. ಹತ್ತೊಂಬತ್ತು ವರ್ಷ ಹಿಡಿದೂ ಹಿಡಿದೂ ಅವನಿಗೆ ಹಿಡಿಯಜ್ಜ ಎಂದೇ ಹೆಸರು ಬಿದ್ದಿತ್ತು.

ಮೇವು ತೂಗಿ ಹಾಕುವವಳು ದಿನಗೂಲಿಯ ಹೆಣ್ಣು. ಏಳು ತಿಂಗಳ ಬಸುರಿ. ಅವಳಿಗೆ ರಜೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಅವಳ ಊಟದ ಡಬ್ಬಿಯಲ್ಲಿ ಇರುತ್ತಿದ್ದುದೂ ಅರ್ಧವೇ, ಆದರೆ ಅದನ್ನು ಯಾರೂ ಬರೆದುಕೊಳ್ಳುತ್ತಿರಲಿಲ್ಲ.

ಏಳನೇ ನಂಬರಿನ ಕುರಿ ಖಾಲಿ ತೊಟ್ಟಿ ನೆಕ್ಕುವುದನ್ನು ನೋಡಲಾರದೆ ಅಜ್ಜ ದಿನಾ ಒಂದು ಬೊಗಸೆ ಹಿಂಡಿ ಕದ್ದು ತಿನ್ನಿಸುತ್ತಿದ್ದ. ಪುಣ್ಯ ಕಟ್ಟಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದ, ಪೆದ್ದ. ಒಂದು ಮಂಗಳವಾರ ಪರದೆಯ ಮೇಲೆ ಏಳರ ರಕ್ತ ಕೆಂಪಗೆ ತುಂಬಿ ಹರಿಯಿತು. ಡಾಕ್ಟರು ಹುಬ್ಬು ಗಂಟಿಕ್ಕಿದರು. ತೊಟ್ಟಿಯ ಮೂಲೆಯಲ್ಲಿ ಹಿಂಡಿಯ ಪುಡಿ ಸಿಕ್ಕಿತು. ತೂಗುವವಳದ್ದೇ ಕೆಲಸ ಎಂದು ಅವಳನ್ನು ನಿಂತ ನಿಲುವಿನಲ್ಲೇ ಮನೆಗೆ ಕಳಿಸಿದರು.

"ನಾನು ಒಂದು ದಿನಾನೂ ತೂಕ ತಪ್ಪಿಲ್ಲ. ನೀನಾದ್ರೂ ಹೇಳಜ್ಜ," ಎಂದಳು ಅವಳು.

ಅಜ್ಜ ಕುರಿಯ ಕತ್ತು ನೋಡುತ್ತಾ ನಿಂತ. ತನ್ನ ಕೆಲಸ ಹೋದೀತೆಂಬ ಹೆದರಿಕೆ ಅವನಿಗೆ. ಆಮೇಲೆ ವಾರವಿಡೀ ತಟ್ಟೆಯ ಮುಂದೆ ಕೂತರೆ ಅವಳ ಡಬ್ಬಿಯೇ ಕಣ್ಣಿಗೆ ಕಟ್ಟುತ್ತಿತ್ತು.

ಮುಂದಿನ ಮಂಗಳವಾರ ಡಾಕ್ಟರು ಬೇರೊಂದು ಕುರಿಯ ಹೊಟ್ಟೆಗೆ ಸ್ಕ್ಯಾನಿನ ಜೆಲ್ ಹಚ್ಚುತ್ತಿದ್ದಾಗ ಅಜ್ಜ ಬಾಯಿಬಿಟ್ಟ.

"ಹಿಂಡಿ ಹಾಕಿದ್ದು ನಾನು ಸಾರ್. ಅವಳಲ್ಲ."

"ಈಗ ಹೇಳಿ ಏನು ಬಂತು? ಏಳನೇ ನಂಬರನ್ನ ಪ್ರಯೋಗದಿಂದ ತೆಗೆದಾಯ್ತು."

"ನಾನು ಕುರಿ ವಿಷಯ ಕೇಳ್ತಿಲ್ಲ ಸಾರ್. ಅವಳನ್ನ ವಾಪಸ್ ಕರೀರಿ."

"ಆ ಜಾಗಕ್ಕೆ ನಾಳೆ ಬೇರೆಯವಳು ಬರ್ತಾಳೆ. ನೀನು ಸರಿಯಾಗಿ ಹಿಡ್ಕೋ."

ಅಜ್ಜ ಕೈ ತೆಗೆದ. ಕುರಿ ಎದ್ದು, ಹೊಟ್ಟೆಯ ಜೆಲ್ ತೊಟ್ಟಿಕ್ಕಿಸುತ್ತಾ ತೊಟ್ಟಿಯ ಕಡೆ ನಡೆಯಿತು. ಪಕ್ಕದಲ್ಲಿ ಸ್ಕ್ಯಾನಿಗೆಂದು ಇನ್ನೊಂದು ಕುರಿಯ ಹೊಟ್ಟೆಯ ಉಣ್ಣೆ ಬೋಳಿಸುತ್ತಿದ್ದವಳು ಯಂತ್ರ ಆರಿಸಿದಳು. ಗುಡಿಸುವವನು ಪೊರಕೆಯನ್ನು ಗೋಡೆಗೆ ಒರಗಿಸಿದ.

"ಅವಳು ಬರೋವರೆಗೂ ಇಲ್ಲಿ ಯಾರೂ ಕುರಿ ಮುಟ್ಟಲ್ಲ ಸಾರ್," ಎಂದಳು ಬೋಳಿಸುವವಳು.

ಡಾಕ್ಟರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಅಜ್ಜ ಯಾರ ಮುಖವನ್ನೂ ನೋಡಲಿಲ್ಲ. ಇಷ್ಟು ಸುಲಭದ ಕೆಲಸವನ್ನು ಹೋದ ಮಂಗಳವಾರ ಅವಳ ಎದುರಿಗೇ ಮಾಡಬಹುದಿತ್ತು.