ಆಮೆತೊಟ್ಟಿಯ ತೀರ್ಥ

ಕೊಳ್ಳೇಗಾಲದ ನೇಕಾರ ರಾಮಲಿಂಗಯ್ಯ ಹಿತ್ತಲಿನ ಕಲ್ಲುತೊಟ್ಟಿಯಲ್ಲಿ ಆಮೆ ಸಾಕುತ್ತಿದ್ದ. ನೀರು ಶುದ್ಧವಾಗಿರಲೆಂದು ಸುತ್ತಲಿನವರು ಅದರ ಮರಿಗಳನ್ನು ಒಯ್ದು ತಮ್ಮ ಬಾವಿಗೆ ಬಿಡುತ್ತಿದ್ದರು. ಮೊಮ್ಮಗ ವಾಂತಿಭೇದಿಯಿಂದ ತೀರಿಕೊಂಡು ತಿಂಗಳಾಗಿರಲಿಲ್ಲ. ಈಗ ಮೊಮ್ಮಗಳು ಗಿರಿಜೆಯೂ ಅದೇ ಬೇನೆಯಿಂದ ಮಲಗಿದ್ದಳು. ಪಕ್ಕದ ಮನೆಯ ವಸಂತಮ್ಮ ಕೊಟ್ಟ ಮಜ್ಜಿಗೆಯ ಮೇಲೆಯೇ ಅವನ ಗುಮಾನಿ.

“ಅವ್ಳ ಕಣ್ಣೂ ಸರಿಯಿಲ್ಲ, ಕೈಯೂ ಸರಿಯಿಲ್ಲ ಸಾ,” ಎಂದು ಮಗುವನ್ನು ನೋಡಲು ಬಂದ ಡಾಕ್ಟರಿಗೆ ಹೇಳಿದ.

“ಅದೇ ಮಜ್ಜಿಗೆ ನಾವೂ ಕುಡುದ್ವಿ. ನಾವೇನ್ ಸತ್ವಾ ಅಣ್ಣೋ?” ವಸಂತಮ್ಮ ಗೋಡೆಯಾಚೆಯಿಂದ ಕೂಗಿದಳು.

ಡಾಕ್ಟರು ಅವನ ಕಡೆ ತಿರುಗಿದರು. “ಮಗೂಗೆ ನೀವೇನು ಕೊಡ್ತೀರಿ?”

“ನಾನಾ? ದಿನಾ ಬೆಳಿಗ್ಗೆ ಆಮೆ ಬೆನ್ ತೊಳ್ದು, ಆ ನೀರ್ನೇ ತೀರ್ಥ ಅಂತ ಕೊಡ್ತೀನಿ. ಕೂರ್ಮಾವತಾರ ಅಲ್ವಾ ಸಾ?”

“ಆಮೆ ಹೊಟ್ಟೆಯಲ್ಲಿ, ಮೈಮೇಲೆ ರೋಗಾಣು ಇರುತ್ತೆ. ಆಮೆಗೆ ಏನೂ ಆಗಲ್ಲ. ಮಕ್ಕಳ ಕರುಳಿಗೆ ಹೋದರೆ ಜೀವಕ್ಕೇ ಅಪಾಯ.”

ದೇವರ ನೀರಿನಲ್ಲಿ ರೋಗವೇ? ರಾಮಲಿಂಗಯ್ಯನಿಗೆ ಡಾಕ್ಟರ ಮೇಲೂ ಗುಮಾನಿ ಬಂತು.

ಮರುದಿನವೂ ಅವನು ಆಮೆ ಬೆನ್ನು ತೊಳೆದ ನೀರು ತಂದಾಗ ಗಿರಿಜೆ ಮಲಗಿದಲ್ಲಿಂದಲೇ ತೀರ್ಥಕ್ಕೆ ಅಂಗೈ ಚಾಚಿದಳು. ಅವನಿಗೆ ದಿನವೂ ಹೀಗೇ ಚಾಚುತ್ತಿದ್ದ ಮೊಮ್ಮಗನ ಅಂಗೈ ಕಂಡಂತಾಯಿತು. ನೀರನ್ನು ತೊಟ್ಟಿಗೇ ಸುರಿದ. ಸೀಗೆಪುಡಿ ಹಾಕಿ ಕೈ ಉಜ್ಜಿ ತೊಳೆದು, ಗೋಡೆಯ ಬಳಿ ನಿಂತು ಕರೆದ:

“ವಸಂತಮ್ಮಾ, ಮಗೀಗೆ ಒಂದಿಷ್ಟು ಮಜ್ಜಿಗೆ ಕೊಡವ್ವ.”